ಗಾಳಿಯಲ್ಲಿ ಹೊಡೆದರೆ ಕೈ ಕೆಡುತ್ತದೆಯೇ?

ಪ್ರಶ್ನೆ: ನಾವು ದಾವಣಗೆರೆಯಲ್ಲಿ ಮೊದಲ ಮಹಡಿಯ ಬಾಡಿಗೆ ಮನೆಯಲ್ಲಿದ್ದೇವೆ. ಎಂಟನೇ ತರಗತಿಯ ಮಗನಿಗೆ ಡ್ರಮ್ಸ್ ಹುಚ್ಚು. ಹೋದ ವರ್ಷ ಅವನ ಸೋದರಮಾವ, ಕೈಯಲ್ಲಿ ಹಿಡಿದು ಗಾಳಿಯಲ್ಲಿ ಬೀಸುವ ಎಲೆಕ್ಟ್ರಾನಿಕ್ ಸ್ಟಿಕ್‌ಗಳನ್ನು ಕೊಡಿಸಿದ. ಕಾಲಿಗೆ ಸಿಕ್ಕಿಸಲು ಎರಡು ಚಿಕ್ಕ ಸಾಧನಗಳೂ ಇವೆ. ಮೊಬೈಲ್‌ಗೆ ಜೋಡಿಸಿದರೆ ಪೂರ್ತಿ ಡ್ರಮ್ ಸೆಟ್ಟಿನ ಸದ್ದು ಬರುತ್ತದೆ. ದಿನಕ್ಕೆ ಎರಡು ಗಂಟೆ ಅದರಲ್ಲೇ ಇರುತ್ತಾನೆ. ಈಚೆಗೆ ಬಲ ಮುಂಗೈ ನೋವು ಎನ್ನುತ್ತಿದ್ದಾನೆ. ಡ್ರಮ್ಸ್ ಕಲಿಸುವವರೊಬ್ಬರಿಗೆ ತೋರಿಸಿದಾಗ ‘ಇದು ಆಟಿಕೆ, ಕೈ ಆಗಲೇ ಕೆಟ್ಟಿದೆ, ತಿದ್ದುವುದು ಕಷ್ಟ’ ಎಂದುಬಿಟ್ಟರು. ಪರಿಚಯದವರು ಹಳೆಯ ಡ್ರಮ್ ಸೆಟ್ಟನ್ನು 25 ಸಾವಿರಕ್ಕೆ ಕೊಡುತ್ತೇವೆ ಎನ್ನುತ್ತಿದ್ದಾರೆ. ನನ್ನ ಮೈದುನ, ‘ಆರ್ಕೆಸ್ಟ್ರಾದವರೆಲ್ಲ ಎಲೆಕ್ಟ್ರಾನಿಕ್ ಪ್ಯಾಡ್ ನುಡಿಸುತ್ತಾರೆ, ಅದನ್ನೇ ಕೊಡಿಸಿ’ ಎನ್ನುತ್ತಾನೆ. ಮನೆ ಮಾಲೀಕರು ಕೆಳಗಿನ ಮನೆಯಲ್ಲೇ ಇದ್ದಾರೆ, ಈಗಲೇ ಸಪ್ಪಳ ಎಂದು ಗೊಣಗುತ್ತಾರೆ. ಏನು ಮಾಡಲಿ ಸರ್?

ಉತ್ತರ:

ಅಮ್ಮಾ, ನೀವು ನಾಲ್ಕೈದು ವಿಷಯ ಕೇಳಿದ್ದೀರಿ. ಒಳಗಿನ ಭಯ ಮಾತ್ರ ಒಂದೇ: ಮಗ ಒಂದು ವರ್ಷ ಬೀಸಿದ್ದೆಲ್ಲ ನೀರಿನಲ್ಲಿ ಮಾಡಿದ ಹೋಮವಾಯಿತೇ ಎನ್ನುವುದು. ಇಲ್ಲ, ಆಗಿಲ್ಲ. ಹಾಗೆಂದು ಆ ಮೇಷ್ಟ್ರು ಹೇಳಿದ್ದೂ ಪೂರ್ತಿ ಸುಳ್ಳಲ್ಲ. ಅವರು ಹೇಳಿದ ರೀತಿ ಸರಿಯಿರಲಿಲ್ಲ. ಹದಿಮೂರು ವರ್ಷದ ಹುಡುಗನ ಎದುರು ‘ಕೈ ಕೆಟ್ಟಿದೆ’ ಎನ್ನುವವರಿಗೆ, ಏನು ಕೆಟ್ಟಿದೆ ಎಂದು ಬೆರಳಿಟ್ಟು ತೋರಿಸುವ ಜವಾಬ್ದಾರಿಯೂ ಇರುತ್ತದೆ.

ಹೋದ ವರ್ಷ ಚಿತ್ರದುರ್ಗದ ನನ್ನ ತರಗತಿಗೆ ಇಂಥದೇ ಹುಡುಗನೊಬ್ಬ ಬಂದಿದ್ದ. ಎಂಟು ತಿಂಗಳು ಗಾಳಿಯಲ್ಲೇ ನುಡಿಸಿದವನು. ಸ್ಟೂಲಿನ ಮೇಲೆ ಕೂರಿಸಿ, ಮರದ ಸ್ಟಿಕ್ ಕೊಟ್ಟು, ಸ್ನೇರ್ (ನುಡಿಸುವವನ ಎದುರಿಗೇ ಇರುವ ಮುಖ್ಯ ಡ್ರಮ್) ಮೇಲೆ ಒಂದು ಪೆಟ್ಟು ಹಾಕು ಎಂದೆ. ಹಾಕಿದ. ಸ್ಟಿಕ್ ಪುಟಿದು ಮೇಲೆದ್ದು ಅವನ ಕನ್ನಡಕದ ಅಂಚಿಗೆ ತಾಗಿತು. ಅವನು ಸ್ಟಿಕ್ಕನ್ನೇ ನೋಡುತ್ತಾ, ‘ಇದು ತಾನಾಗಿ ಏಳುತ್ತದೆ ಸರ್’ ಎಂದ. ನಾನು ನಕ್ಕೆ, ಆದರೆ ಅವನು ಮೊದಲ ಪೆಟ್ಟಿಗೇ ಎರಡು ವಾದ್ಯಗಳ ನಡುವಿನ ಅಸಲು ವ್ಯತ್ಯಾಸವನ್ನು ಹಿಡಿದಿದ್ದ. ಸ್ಕಿನ್, ಅಂದರೆ ಪೆಟ್ಟು ಬೀಳುವ ಬಿಗಿದ ಹೊದಿಕೆ, ಇರುವ ವಾದ್ಯದಲ್ಲಿ ಕೆಳಗೆ ಇಳಿಸುವುದಷ್ಟೇ ನಮ್ಮ ಕೆಲಸ. ಸ್ಟಿಕ್ಕನ್ನು ಮೇಲೆತ್ತಿ ಕೊಡುವುದು ಸ್ಕಿನ್. ಗಾಳಿಯಲ್ಲಿ ಇಳಿಸುವವರೂ ನಾವೇ, ತಡೆಯುವವರೂ ನಾವೇ, ಎತ್ತುವವರೂ ನಾವೇ.

ಅದೇ ಹುಡುಗ ಹತ್ತು ನಿಮಿಷದಲ್ಲಿ ಕಿಕ್ (ಕಾಲಿನ ಪೆಡಲಿನಿಂದ ನುಡಿಸುವ ದೊಡ್ಡ ಡ್ರಮ್), ಸ್ನೇರ್, ಹೈಹ್ಯಾಟ್ (ಒಂದರ ಮೇಲೊಂದು ಇರುವ ಜೋಡಿ ಲೋಹದ ತಟ್ಟೆ) ಮೂರನ್ನೂ ಸೇರಿಸಿ ನಾಲ್ಕು ಮಾತ್ರೆಯ ಸಾದಾ ನಡೆಯನ್ನು ನುಡಿಸಿದ. ಏನೂ ಗೊತ್ತಿಲ್ಲದೆ ಬರುವ ಮಕ್ಕಳಿಗೆ ಇದಕ್ಕೆ ಮೂರು ವಾರವಾದರೂ ಬೇಕು. ಬಲಗೈ ಒಂದು ಹೇಳುವಾಗ ಎಡಗಾಲು ಇನ್ನೊಂದು ಹೇಳುವ ಅಭ್ಯಾಸ, ಹಾಡಿನ ಪಲ್ಲವಿ ಎಲ್ಲಿ ಮುಗಿಯುತ್ತದೆ, ಎಲ್ಲಿ ಒಂದು ಸುತ್ತು ಹಾಕಬೇಕು ಎನ್ನುವ ಅಂದಾಜು, ಇವೆಲ್ಲ ಅವನ ತಲೆಯಲ್ಲಿ ಆಗಲೇ ಕುಳಿತಿದ್ದವು. ನಿಮ್ಮ ಮಗನಿಗೂ ಇಷ್ಟು ಬಂದಿರುತ್ತದೆ. ಇದನ್ನು ಯಾರೂ ಕೆಟ್ಟದ್ದು ಎನ್ನಲಾರರು.

ಇನ್ನು ನೋವಿನ ವಿಷಯ. ಎಲ್ಲಕ್ಕಿಂತ ಮೊದಲು ನೋಡಬೇಕಾದದ್ದು ಅದೇ. ಗಾಳಿಯ ಸ್ಟಿಕ್ ಒಳಗೆ ಚಲನೆಯ ವೇಗ ಮತ್ತು ತಿರುವನ್ನು ಅಳೆಯುವ ಸಂವೇದಕಗಳಿರುತ್ತವೆ, ಮೊಬೈಲ್ ತಿರುಗಿಸಿದಾಗ ಪರದೆ ತಿರುಗುತ್ತದಲ್ಲ, ಆ ಜಾತಿಯವೇ. ಬೀಸಿದ ಸ್ಟಿಕ್ ಥಟ್ಟನೆ ನಿಂತರೆ ‘ಪೆಟ್ಟು ಬಿತ್ತು’ ಎಂದು ಅದು ತಿಳಿಯುತ್ತದೆ. ನಿಂತಾಗ ಯಾವ ದಿಕ್ಕಿಗಿತ್ತು ಎಂಬುದರ ಮೇಲೆ ಸ್ನೇರೋ ಟಾಮ್ ಎಂಬ ಇನ್ನೊಂದು ಡ್ರಮ್ಮೋ ಎಂದು ತೀರ್ಮಾನಿಸುತ್ತದೆ. ಅಂದರೆ ಥಟ್ಟನೆ ನಿಲ್ಲಿಸದಿದ್ದರೆ ಸದ್ದಿಲ್ಲ. ನಿಲ್ಲಿಸುವ ಕೆಲಸ ಮುಂಗೈಯ ಸ್ನಾಯುಗಳದ್ದು. ಎರಡು ಗಂಟೆಯಲ್ಲಿ ಸಾವಿರಾರು ಸಲ ಬ್ರೇಕ್ ಹಾಕಿದರೆ ಆ ಕೈ ನೋಯದೆ ಇನ್ನೇನಾದೀತು? ಜಾರೀತೆಂಬ ಭಯಕ್ಕೆ ಮಕ್ಕಳು ಸ್ಟಿಕ್ಕನ್ನು ಮುಷ್ಟಿ ಕಟ್ಟಿ ಹಿಡಿಯುವುದೂ ಇದಕ್ಕೆ ಸೇರುತ್ತದೆ.

ಗಟ್ಟಿ ಮೇಲ್ಮೈಯಿಂದಲೂ ನೋವು ಬರುತ್ತದೆ, ಅದರ ದಾರಿ ಬೇರೆ. 1981ರಲ್ಲಿ ಸಿಮನ್ಸ್ ಕಂಪನಿ ಆರು ಮೂಲೆಯ ಪ್ಯಾಡ್‌ಗಳ ಎಲೆಕ್ಟ್ರಾನಿಕ್ ಡ್ರಮ್ ತಂದಿತು. ಪ್ಯಾಡ್‌ಗಳ ಮೇಲ್ಮೈ ಪಾಲಿಕಾರ್ಬನೇಟ್, ಗಲಭೆ ತಡೆಯುವ ಪೊಲೀಸರ ಗುರಾಣಿಗೆ ಬಳಸುವಂಥ ವಸ್ತು. ನುಡಿಸಿದವರ ಮಣಿಕಟ್ಟು ಹಿಡಿದುಕೊಂಡ ಕಥೆಗಳು ಆ ಕಾಲದಿಂದಲೂ ಇವೆ. ಆಮೇಲೆ ಪ್ಯಾಡಿಗೆ ರಬ್ಬರ್ ಬಂತು, 1997ರಲ್ಲಿ ರೋಲ್ಯಾಂಡ್‌ನವರ ಜಾಲರಿ ಸ್ಕಿನ್ ಬಂತು. ಸ್ಟಿಕ್ಕನ್ನು ಅದು ನಿಜವಾದ ಸ್ಕಿನ್‌ಗಿಂತ ತುಸು ಹೆಚ್ಚೇ ಪುಟಿಸುತ್ತದೆ.

ನಿಮ್ಮ ಮಗನಿಗೆ ಎರಡು ವಾರ ಗಾಳಿಯ ಸ್ಟಿಕ್ ಪೂರ್ತಿ ಬಿಡಿಸಿ. ಆಮೇಲೆ ಇಪ್ಪತ್ತು ನಿಮಿಷ ನುಡಿಸಿ ಹತ್ತು ನಿಮಿಷ ಬಿಡುವು, ದಿನಕ್ಕೆ ಎರಡು ಸರದಿ, ಅದಕ್ಕಿಂತ ಹೆಚ್ಚು ಬೇಡ. ಬೆರಳು ಜೋಮು ಹಿಡಿಯುತ್ತಿದ್ದರೆ, ರಾತ್ರಿ ನೋವಿಗೆ ಎಚ್ಚರವಾಗುತ್ತಿದ್ದರೆ ಅಥವಾ ಎರಡು ವಾರದ ಬಿಡುವಿನ ನಂತರವೂ ನೋವು ಉಳಿದಿದ್ದರೆ ಮೂಳೆ ವೈದ್ಯರಿಗೆ ತೋರಿಸಿ. ನಾನು ತಾಳದವನು, ವೈದ್ಯನಲ್ಲ.

ಇನ್ನೊಂದು ತೊಂದರೆ ಕಣ್ಣಿಗೆ ಕಾಣುವುದಿಲ್ಲ, ಕಿವಿಗೂ ಸುಲಭವಾಗಿ ಸಿಕ್ಕುವುದಿಲ್ಲ. ಸದ್ದು ತಡವಾಗಿ ಬರುವುದು. ನೀವೇ ಪರೀಕ್ಷಿಸಬಹುದು. ಮಗನಿಗೆ ಸ್ಟಿಕ್ ಬೀಸಿ ಮಂಚದ ಮರದ ಅಂಚಿಗೆ ಮೆಲ್ಲಗೆ ತಾಗಿಸಲು ಹೇಳಿ. ಪಕ್ಕದಲ್ಲಿ ನಿಮ್ಮ ಮೊಬೈಲ್‌ನಲ್ಲಿ ಧ್ವನಿಮುದ್ರಣ ಮಾಡಿ. ಆಮೇಲೆ ಕೇಳಿದರೆ ಮೊದಲು ಮರದ ‘ಟಕ್’, ಆಮೇಲೆ ಸ್ಪೀಕರಿನ ‘ಡಮ್’. ಎರಡೂ ಒಟ್ಟಿಗೇ ಕೇಳಿಸಿದರೆ ನಿಮ್ಮ ಅದೃಷ್ಟ. ನಡುವೆ ಸಂದು ಕೇಳಿದರೆ, ಬಹುಶಃ ನೀವು ಬ್ಲೂಟೂತ್ ಸ್ಪೀಕರನ್ನೋ ಬ್ಲೂಟೂತ್ ಹೆಡ್‌ಫೋನನ್ನೋ ಬಳಸುತ್ತಿದ್ದೀರಿ.

ಆ ಸಂದು ಎಷ್ಟು ದೊಡ್ಡದು? ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಓಡುತ್ತದೆ. 10 ಮಿಲಿಸೆಕೆಂಡ್ ತಡವೆಂದರೆ ಡ್ರಮ್ಮಿನಿಂದ ಮೂರೂವರೆ ಮೀಟರ್ ದೂರ ನಿಂತು ಕೇಳಿದ ಹಾಗೆ. ಅದು ಯಾರಿಗೂ ತೊಡಕಲ್ಲ. ಸಾಮಾನ್ಯ ಬ್ಲೂಟೂತ್ ಹೆಡ್‌ಫೋನ್‌ನಲ್ಲಿ ಈ ತಡ 150 ಮಿಲಿಸೆಕೆಂಡ್ ದಾಟುವುದುಂಟು. ಅಂದರೆ ಐವತ್ತು ಮೀಟರ್. ನಿಮ್ಮೂರಿನ ಹೈಸ್ಕೂಲ್ ಮೈದಾನದಲ್ಲಿ ವೇದಿಕೆಗೆ ದೂರ ನಿಂತು ಕಾರ್ಯಕ್ರಮ ನೋಡಿದ್ದರೆ ನೆನಪಾಗಬಹುದು: ಡೊಳ್ಳಿನವನ ಕೈ ಬಿದ್ದ ಮೇಲೆ ಸದ್ದು ನಿಧಾನವಾಗಿ ನಡೆದು ಬರುತ್ತದೆ. ನಿಮ್ಮ ಮಗ ಆ ದೂರದಲ್ಲಿ ನಿಂತು ತನ್ನದೇ ವಾದ್ಯವನ್ನು ನುಡಿಸುತ್ತಿದ್ದಾನೆ. ನಿಮಿಷಕ್ಕೆ 120 ಮಾತ್ರೆಯ ಹಾಡಿನಲ್ಲಿ ಒಂದು ಮಾತ್ರೆಯ ಕಾಲು ಭಾಗವೆಂದರೆ 125 ಮಿಲಿಸೆಕೆಂಡ್. ವೇಗದ ನಡೆಯಲ್ಲಿ ಅವನು ಕೇಳುತ್ತಿರುವುದು ಈಗಿನ ಪೆಟ್ಟಲ್ಲ, ಹಿಂದಿನದು.

ಮಕ್ಕಳ ಮೆದುಳು ಚುರುಕು. ಸದ್ದು ತಡವಾಗಿ ಬರುತ್ತದೆಂದು ಗೊತ್ತಾದರೆ ಕೈಯನ್ನು ಮುಂಚಿತವಾಗಿ ಇಳಿಸಲು ಕಲಿತುಬಿಡುತ್ತದೆ. ಅದೇ ಹುಡುಗ ನಿಜವಾದ ಸ್ನೇರ್ ಮುಂದೆ ಕೂತರೆ ಲಯ ಓಡುತ್ತದೆ. ಆ ಮೇಷ್ಟ್ರು ‘ಕೈ ಕೆಟ್ಟಿದೆ’ ಎಂದದ್ದು ಇದನ್ನು ನೋಡಿಯೇ ಇರಬೇಕು. ಇದು ತಿದ್ದಲಾಗದ ಕೆಡುಕಲ್ಲ. ನನ್ನ ಬಳಿ ಬಂದವರಲ್ಲಿ ಮೆಟ್ರೊನೋಮ್ (ಸಮ ವೇಗದಲ್ಲಿ ಟಿಕ್ ಟಿಕ್ ಎನ್ನುವ ಲಯಸಾಧನ) ಹಾಕಿಕೊಂಡು ಕೂತವರಿಗೆಲ್ಲ ಒಂದೂವರೆ ಎರಡು ತಿಂಗಳಲ್ಲಿ ಸರಿಹೋಗಿದೆ. ಇವತ್ತೇ ಮಾಡಬಹುದಾದದ್ದೂ ಒಂದಿದೆ: ತಂತಿ ಇರುವ ಇಯರ್‌ಫೋನ್ ಹಾಕಿಸಿ. ಸ್ಟಿಕ್ಕಿನಿಂದ ಮೊಬೈಲಿಗೆ ಬರುವ ನಿಸ್ತಂತು ಹಾದಿಯಲ್ಲಿ ಆಗುವ ತಡ ಸಣ್ಣದು. ಮೊಬೈಲಿನಿಂದ ಬ್ಲೂಟೂತ್ ಸ್ಪೀಕರಿಗೆ ಹೋಗುವಾಗ ಆಗುವುದೇ ದೊಡ್ಡದು.

ಸ್ಪರ್ಶದ ವಿಷಯದಲ್ಲಿ ಮಾತ್ರ ಗಾಳಿಯ ಸ್ಟಿಕ್ಕನ್ನು ನಾನು ಸಮರ್ಥಿಸಲಾರೆ. ಸ್ನೇರ್ ಮೇಲೆ ಸ್ಟಿಕ್ ತುದಿಯನ್ನು ಒತ್ತಿ ಬಿಟ್ಟರೆ ‘ಝರ್ರ್’ ಎಂದು ಉರುಳುವ ನಾದವಿದೆ, ಅದನ್ನು ಮಾಡುವುದು ಪುಟಿತವೇ ಹೊರತು ಕೈಯಲ್ಲ. ಗಾಳಿಯಲ್ಲಿ ಅದು ಹುಟ್ಟುವುದೇ ಇಲ್ಲ. ಅಂಚು ಮತ್ತು ಸ್ಕಿನ್ ಎರಡಕ್ಕೂ ಒಟ್ಟಿಗೆ ಬೀಳುವ ಪೆಟ್ಟು, ಹೈಹ್ಯಾಟನ್ನು ಅರೆ ತೆರೆದು ಒರಟಾಗಿ ಉಸಿರಾಡಿಸುವುದು, ಹಾಡುವವರ ದನಿಯ ಕೆಳಗೆ ಪಿಸುಗುಟ್ಟುವಂತೆ ನುಡಿಸುವ ಸಣ್ಣ ಪೆಟ್ಟುಗಳು, ಇವೂ ಅಷ್ಟೆ.

ನಮ್ಮ ಕಡೆಯ ವಾದ್ಯದಿಂದಲೇ ಹೇಳುವುದಾದರೆ, ಚಳ್ಳಕೆರೆ ಕಡೆಯ ಮ್ಯಾಸಬೇಡರ ಹಬ್ಬಗಳಲ್ಲಿ ಉರುಮೆ ಕೇಳಿ. ಒಂದು ಮುಖದ ಮೇಲೆ ಬಾಗಿದ ಕೋಲನ್ನು ಉಜ್ಜುತ್ತಾರೆ, ವಾದ್ಯ ಮುಲುಗುತ್ತದೆ. ಅದು ಪೆಟ್ಟಲ್ಲ, ಉಜ್ಜು. ಸಾಮಾನ್ಯ ಎಲೆಕ್ಟ್ರಾನಿಕ್ ಸಾಧನಕ್ಕೆ ಪೆಟ್ಟು ಮಾತ್ರ ಅರ್ಥವಾಗುತ್ತದೆ. ಎಲೆಕ್ಟ್ರಾನಿಕ್ ವಾದ್ಯಗಳು ಒಂದಕ್ಕೊಂದು ಮಾತಾಡಲು 1983ರಲ್ಲಿ ಬಂದ ಮಿಡಿ ಎಂಬ ಭಾಷೆಯಲ್ಲಿ ಆ ಪೆಟ್ಟಿನ ಬಲಕ್ಕೆ 1ರಿಂದ 127ರವರೆಗೆ ಒಂದು ಅಂಕ ಕೊಟ್ಟು ಮುಗಿಸುತ್ತದೆ. ಉಜ್ಜಿನ ಮುಲುಕಾಟಕ್ಕೆ ಅಂಕವಿಲ್ಲ. ಇದಕ್ಕೆ ಅಪವಾದವೂ ಇದೆ. ಕಾರ್ಗ್ ಕಂಪನಿ 1994ರಲ್ಲಿ ತಂದ ವೇವ್‌ಡ್ರಮ್‌ನಲ್ಲಿ ನಿಜವಾದ ಸ್ಕಿನ್ ಇದ್ದು ಅದರ ಕಂಪನದಿಂದಲೇ ನಾದ ಹುಟ್ಟುತ್ತದೆ, ಆದ್ದರಿಂದ ಉಜ್ಜಿದ್ದೂ ಕೇಳುತ್ತದೆ. ಅದು ಎಂಟನೇ ತರಗತಿಯ ಹುಡುಗನಿಗೆ ಕೊಡಿಸುವ ವಸ್ತುವಲ್ಲ ಬಿಡಿ.

ಹೀಗೆಂದ ಮಾತ್ರಕ್ಕೆ ಡ್ರಮ್ ಸೆಟ್ ಎಂದರೆ ‘ಅಸಲಿ ಚರ್ಮವಾದ್ಯ’ ಎಂದು ಕೈಮುಗಿಯುವುದೂ ಬೇಡ. ಅದರ ಸ್ಕಿನ್ ಚರ್ಮವೇ ಅಲ್ಲ. 1950ರ ದಶಕದ ಕೊನೆಯಿಂದ ಅದು ಪ್ಲಾಸ್ಟಿಕ್ ಹಾಳೆ. ತಮಟೆಯವರು ಬೆಂಕಿಗೆ ಹಿಡಿದು ಹದ ಮಾಡುವ ಕೆಲಸ ಅದಕ್ಕಿಲ್ಲ, ಮಳೆಗಾಲದಲ್ಲಿ ಡೊಳ್ಳಿನಂತೆ ಸಡಿಲಗೊಳ್ಳುವುದೂ ಇಲ್ಲ.

ನಿಮ್ಮ ಮೈದುನನ ಮಾತಿಗೆ ಬರುತ್ತೇನೆ. ಅವರು ಹೇಳಿದ್ದರಲ್ಲಿ ಲೋಕಾನುಭವವಿದೆ. ನಾನು ಇಪ್ಪತ್ತಕ್ಕೂ ಹೆಚ್ಚು ವರ್ಷ ರಸಮಂಜರಿಗಳಲ್ಲಿ ನುಡಿಸಿದ್ದೇನೆ, ಹೆಚ್ಚಿನ ಸಲ ನನ್ನ ಮುಂದೆ ಇದ್ದದ್ದು ಪ್ಯಾಡ್. ರೋಲ್ಯಾಂಡ್‌ನ ಆಕ್ಟೋಪ್ಯಾಡ್ 1985ರಲ್ಲಿ ಬಂತು. ಹೆಸರೇ ಹೇಳುವಂತೆ ಎಂಟು ಪ್ಯಾಡ್. ಢೋಲಕ್, ತಬಲಾ, ಡ್ರಮ್ಸ್, ಗೆಜ್ಜೆ ಎಲ್ಲವೂ ಒಂದೇ ಚೀಲದಲ್ಲಿ. ಅದನ್ನು ಹೆಗಲಿಗೆ ಹಾಕಿಕೊಂಡು ಹೊಸದುರ್ಗಕ್ಕೋ ಜಗಳೂರಿಗೋ ಬಸ್ಸಿನಲ್ಲಿ ಹೋಗಬಹುದು. ಡ್ರಮ್ ಸೆಟ್ ಒಯ್ಯಲು ಗೂಡ್ಸ್ ಗಾಡಿ ಬೇಕು, ಜೋಡಿಸಲು ಮುಕ್ಕಾಲು ಗಂಟೆ ಬೇಕು, ಐದಾರು ಮೈಕ್ ಬೇಕು. ಜಾತ್ರೆಯ ಕಾರ್ಯಕ್ರಮದಲ್ಲಿ ಅಷ್ಟು ತಾಳ್ಮೆ ಯಾರಿಗಿದೆ? ಆರ್ಕೆಸ್ಟ್ರಾದಲ್ಲಿ ದುಡಿಯುವುದೇ ಗುರಿಯಾದರೆ ಪ್ಯಾಡ್ ಬರಲೇಬೇಕು. ಚರ್ಚ್, ಕಾಲೇಜಿನ ಬ್ಯಾಂಡ್, ದೊಡ್ಡ ಊರಿನ ಸ್ಟುಡಿಯೋ ಎಂದರೆ ಸೆಟ್ ಕೇಳುತ್ತಾರೆ.

ಪ್ಯಾಡಿನ ಒಂದು ಕಷ್ಟವನ್ನೂ ಹೇಳಿಬಿಡುತ್ತೇನೆ. ಹೊಳಲ್ಕೆರೆ ಬಳಿಯ ಹಳ್ಳಿಯೊಂದರ ಜಾತ್ರೆ. ಕುಣಿಯುವ ಹಾಡು, ಎರಡನೇ ಚರಣ. ಜನರೇಟರ್ ಒಂದು ಸಲ ಕೆಮ್ಮಿತು. ದೀಪಗಳು ಮಿಣುಕಿ ಮತ್ತೆ ಬಂದವು, ನನ್ನ ಪ್ಯಾಡ್ ಮಾತ್ರ ಆರಿ ಮೊದಲಿನಿಂದ ಶುರುವಾಯಿತು. ಪರದೆಯಲ್ಲಿ ಕಂಪನಿಯ ಹೆಸರು ನಿಧಾನವಾಗಿ ಮೂಡುತ್ತಿದ್ದರೆ ನಾನು ಸ್ಟ್ಯಾಂಡಿನ ಕಬ್ಬಿಣದ ಕಾಲಿಗೆ ಸ್ಟಿಕ್ಕಿನಿಂದ ಟಕಟಕ ಹೊಡೆಯುತ್ತಾ ಲಯ ಹಿಡಿದಿದ್ದೆ. ವೇದಿಕೆಯ ಪಕ್ಕದಲ್ಲಿ ಸರದಿಗೆ ಕಾಯುತ್ತಿದ್ದ ಡೊಳ್ಳಿನ ತಂಡದ ಹಿರಿಯರೊಬ್ಬರು ಕೂತಲ್ಲೇ ಡೊಳ್ಳು ಬಾರಿಸಲು ತೊಡಗಿದರು. ಜನರಿಗೆ ಅದು ಮೊದಲೇ ಏರ್ಪಾಡಾದದ್ದು ಎನಿಸಿತು. ಪ್ಯಾಡ್ ಎದ್ದಾಗ ಮೊದಲನೇ ಪ್ಯಾಚಿನಲ್ಲಿ, ಅಂದರೆ ಮೊದಲ ನಾದಗಳ ಗುಂಪಿನಲ್ಲಿ ಇತ್ತು, ನಾನು ಕಿಕ್ ಎಂದು ಹೊಡೆದದ್ದು ತಬಲಾ ಆಗಿ ಕೇಳಿತು. ಅಂದಿನಿಂದ ಯುಪಿಎಸ್ ಇಲ್ಲದೆ ಹಳ್ಳಿಗೆ ಹೋಗಿಲ್ಲ.

ಹದಿಮೂರರ ಹುಡುಗನಿಗೆ ಪ್ಯಾಡನ್ನೇ ಮೊದಲ ವಾದ್ಯವಾಗಿ ಕೊಡಿಸಬೇಕೇ? ನಾನಾದರೆ ಕೊಡಿಸುವುದಿಲ್ಲ. ಪ್ಯಾಡಿನಲ್ಲಿ ಮೆಲ್ಲಗೆ ಹೊಡೆದರೂ ಜೋರಾಗಿ ಕೇಳುವಂತೆ ಹೊಂದಿಸಿಕೊಳ್ಳಬಹುದು, ಆರ್ಕೆಸ್ಟ್ರಾದವರು ಬಹುಪಾಲು ಹಾಗೇ ಇಟ್ಟುಕೊಳ್ಳುತ್ತಾರೆ. ಕಲಿತವನಿಗೆ ಅದು ಅನುಕೂಲ. ಕಲಿಯುವವನಿಗೆ ಎಲ್ಲ ಪೆಟ್ಟೂ ಒಂದೇ ತೂಕವಾಗಿ ಕೇಳಿ, ಕೈ ಸೋಮಾರಿಯಾಗುತ್ತದೆ. ಕಾಲಿಗಂತೂ ಕೆಲಸವೇ ಇರುವುದಿಲ್ಲ. ಸೆಟ್ಟಿನಿಂದ ಪ್ಯಾಡಿಗೆ ಬಂದವರನ್ನು ಬಹಳ ಮಂದಿ ನೋಡಿದ್ದೇನೆ, ಒಂದು ತಿಂಗಳಲ್ಲಿ ಹೊಂದಿಕೊಂಡಿದ್ದಾರೆ. ಪ್ಯಾಡಿನಿಂದ ಸೆಟ್ಟಿಗೆ ಹೋದವರು ಒದ್ದಾಡಿದ್ದಾರೆ, ನಾನೂ ಅವರಲ್ಲೊಬ್ಬ.

ಸಪ್ಪಳದ ವಿಷಯ. ನಿಮ್ಮ ಪತ್ರದಲ್ಲಿ ನನಗೆ ಕುತೂಹಲ ಹುಟ್ಟಿಸಿದ ಸಾಲು ಅದು. ಗಾಳಿಯ ಸ್ಟಿಕ್ಕಿಗೆ ಸಪ್ಪಳವೇ ಇಲ್ಲ, ಆದರೂ ಮಾಲೀಕರು ಗೊಣಗುತ್ತಾರೆ! ಅವರ ಕಿವಿ ಸರಿಯಾಗಿಯೇ ಇದೆ. ಕಾಲಿನ ಸಾಧನ ಕೆಲಸ ಮಾಡಬೇಕೆಂದು ಹುಡುಗ ನೆಲವನ್ನು ಮೆಟ್ಟುತ್ತಿದ್ದಾನೆ. ನಿಮ್ಮ ನೆಲವೇ ಅವರ ಚಾವಣಿ. ಮನೆಗೆ ತರುವ ಎಲೆಕ್ಟ್ರಾನಿಕ್ ಡ್ರಮ್ ಸೆಟ್‌ನಲ್ಲೂ ಇದೇ ಪಾಡು: ನುಡಿಸುವವನಿಗೆ ಹೆಡ್‌ಫೋನಿನಲ್ಲಿ ಸಂಗೀತ, ಕೆಳಗಿನವರಿಗೆ ‘ಧಡ್ ಧಡ್’. ಕಾಲ ಕೆಳಗೆ ಹಳೆಯ ಹಾಸಿಗೆ ಮಡಚಿ ಹಾಕಿದರೆ ಸ್ವಲ್ಪ ಇಳಿಯುತ್ತದೆ. ಇನ್ನೂ ಬೇಕಾದರೆ ಎರಡು ಪ್ಲೈವುಡ್ ಹಲಗೆಗಳ ನಡುವೆ ಟೆನಿಸ್ ಚೆಂಡುಗಳನ್ನು ಸಾಲಾಗಿಟ್ಟು ವೇದಿಕೆ ಮಾಡುವುದುಂಟು, ಬಡಗಿಗೆ ಅರ್ಧ ದಿನದ ಕೆಲಸ.

ನಿಜವಾದ ಸೆಟ್ಟನ್ನು ಆ ಮನೆಗೆ ತರುವುದಂತೂ ಸಾಧ್ಯವಿಲ್ಲದ ಮಾತು. ವಸತಿ ಪ್ರದೇಶಕ್ಕೆ ಕಾನೂನು ಇಟ್ಟ ಮಿತಿ ಹಗಲು 55 ಡೆಸಿಬೆಲ್, ರಾತ್ರಿ 45. ಡ್ರಮ್ ಸೆಟ್ ನುಡಿಸುವವನ ಕಿವಿಯ ಬಳಿ ಸದ್ದು ಸಲೀಸಾಗಿ 100 ದಾಟುತ್ತದೆ. ಮಾಲೀಕರ ಮಾತು ಹಾಗಿರಲಿ, ಹುಡುಗನ ಕಿವಿಯ ಗತಿ ನೋಡಿ. ಕೆಲಸದ ಜಾಗದಲ್ಲಿ ಕಿವಿ ಉಳಿಸಿಕೊಳ್ಳಲು ಅಮೆರಿಕದ ತಜ್ಞ ಸಂಸ್ಥೆಯೊಂದು ಕೊಟ್ಟ ಲೆಕ್ಕದಲ್ಲಿ 85 ಡೆಸಿಬೆಲ್‌ಗೆ ದಿನಕ್ಕೆ ಎಂಟು ಗಂಟೆ. ಅಲ್ಲಿಂದ ಪ್ರತಿ 3 ಡೆಸಿಬೆಲ್ ಏರಿದಂತೆ ಸಮಯ ಅರ್ಧವಾಗುತ್ತದೆ. 100ಕ್ಕೆ ಬರುವಷ್ಟರಲ್ಲಿ ಉಳಿಯುವುದು ಹದಿನೈದೇ ನಿಮಿಷ. ಸೆಟ್ ನುಡಿಸುವಾಗ ಕಿವಿಗೆ ಇಯರ್‌ಪ್ಲಗ್ ಬೇಕೇ ಬೇಕು. ನನ್ನ ಎಡಗಿವಿಯಲ್ಲಿ ಹೈಹ್ಯಾಟ್ ಹನ್ನೆರಡು ವರ್ಷದಿಂದ ಕೀರುತ್ತಲೇ ಇದೆ, ಎದುರಿಗೆ ಹೈಹ್ಯಾಟ್ ಇಲ್ಲದಾಗಲೂ. ಹೆಡ್‌ಫೋನ್ ಇದ್ದರೆ ಸುರಕ್ಷಿತ ಎಂದೂ ತಿಳಿಯಬೇಡಿ. ಕೈಗೆ ಪೆಟ್ಟಿನ ಅನುಭವ ಸಿಗದಿದ್ದಾಗ ಮಕ್ಕಳು ಆ ಕೊರತೆಯನ್ನು ಸದ್ದು ಏರಿಸಿ ತುಂಬಿಕೊಳ್ಳುತ್ತಾರೆ.

ಹಾಗಾದರೆ ಏನು ಮಾಡುವುದು? ನಾನು ಹೇಳುವುದು ಅಗ್ಗದ ದಾರಿ. ಒಂದು ರಬ್ಬರಿನ ಅಭ್ಯಾಸದ ಪ್ಯಾಡ್, 5ಎ ಅಳತೆಯ ಒಂದು ಜೊತೆ ಮರದ ಸ್ಟಿಕ್ (ಹುಡುಗ ಸಣ್ಣಗಿದ್ದರೆ ಇನ್ನೂ ತೆಳುವಾದ 7ಎ), ಮೊಬೈಲಿನಲ್ಲಿ ಉಚಿತವಾಗಿ ಸಿಗುವ ಮೆಟ್ರೊನೋಮ್. ಮೊದಲ ವಾರ ನುಡಿಸುವುದೇ ಬೇಡ. ಹೆಬ್ಬೆರಳು ತೋರುಬೆರಳಿನ ನಡುವೆ ಸ್ಟಿಕ್ಕನ್ನು ಸಡಿಲವಾಗಿ ಹಿಡಿದು ಪ್ಯಾಡಿನ ಮೇಲೆ ಬೀಳಬಿಟ್ಟು, ಎಷ್ಟು ಸಲ ಪುಟಿಯುತ್ತದೆ ಎಣಿಸಲಿ. ಮುಷ್ಟಿ ಬಿಗಿಯಿದ್ದರೆ ಎರಡಕ್ಕೇ ಸಾಯುತ್ತದೆ. ಹಿಡಿತ ಸಡಿಲವಾದಂತೆ ಆರು, ಎಂಟು, ಹತ್ತು ಎಂದು ಏರುತ್ತದೆ. ಮಕ್ಕಳಿಗೆ ಇದೊಂದು ಆಟ, ತಿದ್ದಬೇಕಾದ ಕೈಗೆ ಇದೇ ಪಾಠ. ಆಮೇಲೆ ನಿಮಿಷಕ್ಕೆ 60ರ ವೇಗದಲ್ಲಿ ಬಲ-ಎಡ-ಬಲ-ಬಲ, ಎಡ-ಬಲ-ಎಡ-ಎಡ. ಬಾಯಲ್ಲಿ ‘ತಕಧಿಮಿ’ ಹೇಳಿಕೊಂಡೇ ನುಡಿಸಲಿ, ಲಯ ಓಡುವುದು ಕೈಗಿಂತ ಮೊದಲು ಬಾಯಲ್ಲಿ ಗೊತ್ತಾಗುತ್ತದೆ.

ವಾರಕ್ಕೊಮ್ಮೆಯಾದರೂ ನಿಜವಾದ ಸೆಟ್ ಮುಂದೆ ಕೂರಬೇಕು. ಸೆಟ್ ಇಟ್ಟಿರುವ ತರಗತಿಗಳು, ಚರ್ಚುಗಳು, ಕಾಲೇಜುಗಳು ನಿಮ್ಮಲ್ಲಿ ಇದ್ದೇ ಇರುತ್ತವೆ, ಕೇಳಿದರೆ ಒಂದು ಗಂಟೆ ಬಿಟ್ಟುಕೊಡುವವರು ಸಿಗುತ್ತಾರೆ. ಪೆಡಲ್ ಮೇಲೆ ಕಾಲಿಡುವುದು ಅಲ್ಲಿಯೇ ಬರಬೇಕು. ಗಾಳಿಯಲ್ಲಿ ಕಲಿತವರು ಇಡೀ ತೊಡೆ ಎತ್ತಿ ಇಡುತ್ತಾರೆ, ಪೆಡಲ್ ಕೇಳುವುದು ಪಾದದ ಮಣಿಕಟ್ಟನ್ನು. ಗಾಳಿಯ ಸ್ಟಿಕ್ಕನ್ನು ಎಸೆಯಬೇಡಿ. ಹೊಸ ಹಾಡಿನ ನಡೆಯನ್ನು ತಲೆಯಲ್ಲಿ ಕೂರಿಸಿಕೊಳ್ಳಲು, ಪ್ರಯಾಣದಲ್ಲಿ, ಪರೀಕ್ಷೆಯ ದಿನಗಳಲ್ಲಿ ಹತ್ತು ನಿಮಿಷದ ಬಿಡುವಿಗೆ ಅದು ಒಳ್ಳೆಯದೇ. ಆರು ತಿಂಗಳ ನಂತರವೂ ಹುಚ್ಚು ಇಳಿಯದಿದ್ದರೆ ಜಾಲರಿ ಸ್ಕಿನ್ನಿನ ಎಲೆಕ್ಟ್ರಾನಿಕ್ ಸೆಟ್ ಯೋಚಿಸಿ, ಚೆಂಡಿನ ವೇದಿಕೆಯ ಸಮೇತ.

ಇಷ್ಟು ಹೇಳಿದ ಮೇಲೂ ಆ 25 ಸಾವಿರದ ಸೆಟ್ ನೋಡಲು ನೀವು ಹೋಗಿಯೇ ಹೋಗುತ್ತೀರಿ, ಗೊತ್ತು. ಊರಲ್ಲಿ ಸ್ವಂತ ಮನೆಯೋ ತೋಟದ ಮನೆಯೋ ಇದ್ದರೆ ತಪ್ಪೂ ಅಲ್ಲ. ಮೊದಲು ಸಿಂಬಲ್‌ಗಳನ್ನು (ಲೋಹದ ತಟ್ಟೆಗಳನ್ನು) ಬಿಚ್ಚಿಸಿ ಬೆಳಕಿಗೆ ಹಿಡಿದು ಅಂಚಿನಲ್ಲಿ ಕೂದಲೆಳೆಯಷ್ಟು ಬಿರುಕಿದೆಯೇ ನೋಡಿ. ಒಳ್ಳೆಯ ಸಿಂಬಲ್ ಕಂಚಿನದು, ನೂರಕ್ಕೆ ಎಂಬತ್ತು ತಾಮ್ರ, ಇಪ್ಪತ್ತು ತವರ. ಅಗ್ಗದ್ದು ಹಿತ್ತಾಳೆ, ಪಾತ್ರೆ ಅಂಗಡಿಯಲ್ಲಿ ತಟ್ಟೆ ಬಿದ್ದಂತೆ ಕೇಳುತ್ತದೆ. ಭಜನೆಯ ತಾಳ ಕೇಳಿದ ಕಿವಿಗೆ ವ್ಯತ್ಯಾಸ ತಾನಾಗಿ ತಿಳಿಯುತ್ತದೆ. ಸ್ಕಿನ್ ಬಿಗಿಯುವ ಬೋಲ್ಟುಗಳನ್ನು ಒಂದೊಂದಾಗಿ ತಿರುಗಿಸಿ ನೋಡಿ, ತಿರುಪಿನ ಸುರುಳಿ ಸವೆದಿದ್ದರೆ ಆ ಡ್ರಮ್ ಶ್ರುತಿಗೆ ನಿಲ್ಲುವುದಿಲ್ಲ. ಪೆಡಲಿನ ಸರಪಳಿ, ಸ್ಪ್ರಿಂಗ್ ನೋಡಿ. ಸ್ಕಿನ್ ಹರಿದಿದ್ದರೆ ಚಿಂತೆಯಿಲ್ಲ, ಅದನ್ನು ಹೇಗೂ ಬದಲಿಸಬೇಕು, ಆ ಖರ್ಚನ್ನು ಬೆಲೆಯಲ್ಲಿ ಇಳಿಸಿ ಕೇಳಿ. ಕೊನೆಗೆ ಸ್ಟೂಲ್ ಎಲ್ಲಿದೆ ಎಂದು ಕೇಳಿ. ಹಳೆಯ ಸೆಟ್ಟುಗಳಲ್ಲಿ ಮೊದಲು ಕಳೆದುಹೋಗುವುದು ಅದೇ. ಇಲ್ಲವೆಂದರೆ ಎತ್ತರ ಹೊಂದಿಸಬಹುದಾದ ಹೊಸದನ್ನು ಕೊಳ್ಳಿ, ಪ್ಲಾಸ್ಟಿಕ್ ಕುರ್ಚಿಯ ಮೇಲೆ ಮಾತ್ರ ಕೂರಿಸಬೇಡಿ.